ಲಘು ರೈಲೋ, ಕಾರೋ: ಓದುಗರ ಪ್ರಶ್ನೆಗಳಿಗೆ ಉತ್ತರ

ನಗರದೊಳಗಿನ ದಿನನಿತ್ಯದ ಓಡಾಟಕ್ಕೆ ರಸ್ತೆಯ ಮಟ್ಟದಲ್ಲೇ ಓಡುವ ಲಘು ರೈಲು ಮೇಲೋ, ಸ್ವಂತ ಕಾರು ಮೇಲೋ ಎಂಬ ಚರ್ಚೆಗೆ ಸಂಬಂಧಿಸಿ ಓದುಗರು ಕಳುಹಿಸಿರುವ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ಆಶಯದ ಪ್ರಶ್ನೆಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ಲಘು ರೈಲು ಎಂದರೆ ಹಳೆಯ ಟ್ರಾಮಿಗೆ ಇಟ್ಟ ಹೊಸ ಹೆಸರಷ್ಟೇ ಅಲ್ಲವೆ? ಮೆಟ್ರೊಗೂ ಇದಕ್ಕೂ ಏನು ವ್ಯತ್ಯಾಸ?

ಉತ್ತರ: ವಂಶ ಒಂದೇ, ಸಂದೇಹವಿಲ್ಲ. ವ್ಯತ್ಯಾಸ ಇರುವುದು ಹಳಿಯ ಜಾಗ ಯಾರ ಪಾಲಿನದು ಎಂಬುದರಲ್ಲಿ. ಹಳೆಯ ಟ್ರಾಮು ಉಳಿದ ವಾಹನಗಳ ನಡುವೆಯೇ, ಅವು ದಾರಿ ಬಿಡುವವರೆಗೆ ಕಾದು ಓಡುತ್ತಿತ್ತು. ಲಘು ರೈಲಿಗೆ ಬಹುಪಾಲು ದೂರದವರೆಗೆ ತನ್ನದೇ ಪಥವಿರುತ್ತದೆ. ಅಡ್ಡರಸ್ತೆಗಳು ಸೇರುವ ಕಡೆ ಮಾತ್ರ ಅದು ಇತರ ವಾಹನಗಳಿಗೆ ಎದುರಾಗುತ್ತದೆ. ಮೆಟ್ರೊ ರಸ್ತೆಯನ್ನು ಸಂಧಿಸುವುದೇ ಇಲ್ಲ. ನೆಲದಡಿಯಲ್ಲಿಯೋ ಕಂಬಗಳ ಮೇಲೆಯೋ ಸಾಗುವುದರಿಂದಲೇ ಅದಕ್ಕೆ ಅಷ್ಟು ವೇಗ, ಅದರಿಂದಲೇ ಅಷ್ಟು ಖರ್ಚು ಕೂಡ. ರೈಲಿನ ಈ ಬಗೆಗಳ ನಡುವಿನ ಗೆರೆ ಎಲ್ಲ ಕಡೆಯೂ ಸ್ಪಷ್ಟವಾಗಿಲ್ಲ. ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ 1992ರಿಂದ, ನಗರದ ಬೀದಿಯಲ್ಲಿ ಟ್ರಾಮಿನಂತೆ ಓಡುವ ಬೋಗಿಗಳೇ ಮುಂದೆ ಮುಖ್ಯ ರೈಲು ಮಾರ್ಗವನ್ನು ಹತ್ತಿ ಪಕ್ಕದ ಊರುಗಳಿಗೆ ಹೋಗುತ್ತವೆ.

ಪ್ರಶ್ನೆ: ಈಗಾಗಲೇ ವಾಹನಗಳಿಂದ ಕಿಕ್ಕಿರಿದಿರುವ ರಸ್ತೆಯಲ್ಲಿ ಒಂದು ಪಥವನ್ನು ಹಳಿಗೆ ಬಿಟ್ಟುಕೊಟ್ಟರೆ ದಟ್ಟಣೆ ಇನ್ನಷ್ಟು ಹೆಚ್ಚುವುದಿಲ್ಲವೆ? ಐದು ನಿಮಿಷಕ್ಕೊಮ್ಮೆ ಬರುವ ಒಂದು ರೈಲಿಗಾಗಿ ಉಳಿದ ಹೊತ್ತೆಲ್ಲ ಆ ಜಾಗವನ್ನು ಖಾಲಿ ಬಿಡುವುದು ಯಾವ ನ್ಯಾಯ?

ಉತ್ತರ: ಈ ಚರ್ಚೆಯ ತಿರುಳು ಇದೇ ಆದ್ದರಿಂದ ಲೆಕ್ಕ ಹಾಕಿಯೇ ನೋಡೋಣ. ಹಸಿರು ದೀಪ ಸದಾ ಉರಿಯುತ್ತಿದ್ದರೆ ಒಂದು ಪಥದಲ್ಲಿ ಗಂಟೆಗೆ ಸುಮಾರು 1,800 ಕಾರುಗಳು ಸಾಗಬಹುದು. ಆದರೆ ಅಡ್ಡರಸ್ತೆಗೂ ಪಾಲು ಕೊಡಬೇಕಾಗಿರುವುದರಿಂದ ಹಸಿರು ಸಿಗುವುದು ಹೆಚ್ಚೆಂದರೆ ಅರ್ಧ ಹೊತ್ತು. ಹಾಗಾಗಿ ನಗರದ ರಸ್ತೆಯ ಒಂದು ಪಥ ವಾಸ್ತವವಾಗಿ ಸಾಗಿಸುವುದು ಗಂಟೆಗೆ 700ರಿಂದ 900 ಕಾರುಗಳನ್ನು. ಕಚೇರಿಯ ವೇಳೆಯಲ್ಲಿ ಬಹಳಷ್ಟು ಕಾರುಗಳಲ್ಲಿ ಇರುವವರು ಚಾಲಕರೊಬ್ಬರೇ. ಕಾರಿಗೆ ಸರಾಸರಿ ಒಂದೂಕಾಲು ಮಂದಿ ಎಂದು ಹಿಡಿದರೂ ಆ ಪಥದಲ್ಲಿ ಗಂಟೆಗೆ ಸಾಗುವವರು ಸಾವಿರದ ನೂರರ ಆಸುಪಾಸು. ನಲವತ್ತು ಮೀಟರ್ ಉದ್ದದ ಒಂದು ಲಘು ರೈಲು ಇನ್ನೂರಕ್ಕೂ ಹೆಚ್ಚು ಜನರನ್ನು ಒಯ್ಯುತ್ತದೆ. ಮೂರು ನಿಮಿಷಕ್ಕೊಂದು ಬಂದರೆ ಗಂಟೆಗೆ ನಾಲ್ಕು ಸಾವಿರ ಜನ. ಎರಡು ರೈಲುಗಳನ್ನು ಒಟ್ಟಿಗೆ ಜೋಡಿಸಿ ಓಡಿಸಿದರೆ ಎಂಟು ಸಾವಿರ. ಕಣ್ಣಿಗೆ ಖಾಲಿಯಾಗಿ ಕಾಣುವ ಹಳಿಯ ಪಥ, ಕಣ್ಣಿಗೆ ತುಂಬಿ ತುಳುಕುತ್ತಿರುವಂತೆ ಕಾಣುವ ಕಾರಿನ ಪಥಕ್ಕಿಂತ ಹಲವು ಪಟ್ಟು ಹೆಚ್ಚು ಜನರನ್ನು ದಾಟಿಸುತ್ತಿರುತ್ತದೆ.

ಆದರೆ ಲಘು ರೈಲಿನ ಪರ ವಾದಿಸುವವರು ಈ ಲೆಕ್ಕದ ಇನ್ನೊಂದು ಮುಖವನ್ನು ಹೇಳದೆ ಬಿಡುವುದುಂಟು. ಹದಿನೈದು ನಿಮಿಷಕ್ಕೊಂದು ರೈಲು, ಅದೂ ಅರ್ಧ ಮಾತ್ರ ತುಂಬಿದ್ದು ಎಂದಾದರೆ ಗಂಟೆಗೆ ಸಾಗುವವರು ನಾಲ್ಕುನೂರು ಮಂದಿ ಮಾತ್ರ. ಆಗ ಕಾರಿನ ಪಥವೇ ಗೆದ್ದಂತಾಯಿತು. ಹಳಿ ಹಾಕಿದ ಮಾತ್ರಕ್ಕೆ ಜಾಗದ ಸದುಪಯೋಗವಾಗುವುದಿಲ್ಲ. ರೈಲು ಮೇಲಿಂದ ಮೇಲೆ ಬರಬೇಕು, ಜನ ಹತ್ತಬೇಕು.

ಹಳಿಗೆ ಪ್ರತ್ಯೇಕ ಜಾಗ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯದ ಮೆಲ್ಬರ್ನ್ ಉದಾಹರಣೆ. ಸುಮಾರು 250 ಕಿಲೋಮೀಟರ್ ಉದ್ದದ ಅಲ್ಲಿನ ಟ್ರಾಮ್ ಜಾಲ ಜಗತ್ತಿನಲ್ಲೇ ದೊಡ್ಡದೆನ್ನಿಸಿಕೊಂಡಿದೆ. ಆದರೆ ಅದರ ಮುಕ್ಕಾಲು ಪಾಲು ಹಳಿಯನ್ನು ಕಾರುಗಳೊಂದಿಗೆ ಹಂಚಿಕೊಳ್ಳಬೇಕಾಗಿರುವುದರಿಂದ ಸರಾಸರಿ ವೇಗ ಗಂಟೆಗೆ ಹದಿನಾರು ಕಿಲೋಮೀಟರಿನ ಸುತ್ತ ತೆವಳುತ್ತದೆ. ಸ್ವಿಟ್ಜರ್ಲೆಂಡಿನ ಝೂರಿಕ್ ಇದಕ್ಕೆ ವ್ಯತಿರಿಕ್ತ. ನೆಲದಡಿಯ ರೈಲನ್ನು ಕಟ್ಟುವ ಯೋಜನೆಯನ್ನು ಅಲ್ಲಿನ ಮತದಾರರು 1973ರಲ್ಲಿ ತಿರಸ್ಕರಿಸಿದರು. 1977ರಲ್ಲಿ ಅದೇ ಮತದಾರರು, ಇರುವ ಟ್ರಾಮು ಮತ್ತು ಬಸ್ಸುಗಳನ್ನೇ ಚುರುಕುಗೊಳಿಸಲು 20 ಕೋಟಿ ಫ್ರಾಂಕ್ ಖರ್ಚು ಮಾಡಲು ಒಪ್ಪಿಗೆ ಕೊಟ್ಟರು. ಆ ಹಣದಲ್ಲಿ ಭವ್ಯವಾದದ್ದೇನನ್ನೂ ಕಟ್ಟಲಿಲ್ಲ. ಟ್ರಾಮು ಹತ್ತಿರ ಬರುತ್ತಿರುವುದನ್ನು ಗುರುತಿಸಿ ತಾನಾಗಿಯೇ ಹಸಿರಾಗುವ ಸಿಗ್ನಲ್‌ಗಳು, ಪ್ರತ್ಯೇಕ ಪಥಗಳು, ಎಡಬಲ ತಿರುವುಗಳ ಮೇಲೆ ನಿರ್ಬಂಧ ಇಂಥವೇ ಕೆಲಸಗಳು. ಉದ್ಘಾಟನೆಗೆ ರಿಬ್ಬನ್ ಕತ್ತರಿಸಲು ಅವಕಾಶವಿಲ್ಲದ ಕೆಲಸಗಳಾದ್ದರಿಂದಲೋ ಏನೋ, ಇವನ್ನು ಅನುಕರಿಸಿದ ನಗರಗಳು ಕಡಿಮೆ.

ಪ್ರಶ್ನೆ: ಕಾರಿನಲ್ಲಿ ನಾನು ಮನೆಯಿಂದ ಕಚೇರಿಗೆ ನಲವತ್ತು ನಿಮಿಷದಲ್ಲಿ ತಲುಪುತ್ತೇನೆ. ರೈಲಿನಲ್ಲಾದರೆ ನಡಿಗೆ, ಕಾಯುವಿಕೆ ಎಲ್ಲ ಸೇರಿ ಒಂದು ಗಂಟೆ ಮೀರುತ್ತದೆ. ನನ್ನ ಸಮಯಕ್ಕೆ ಬೆಲೆ ಇಲ್ಲವೆ?

ಉತ್ತರ: ಖಂಡಿತ ಇದೆ, ಮತ್ತು ಈಗಿನ ಸ್ಥಿತಿಯಲ್ಲಿ ನೀವು ಕಾರಿನಲ್ಲಿ ಹೋಗುತ್ತಿರುವುದು ವಿವೇಕದ ನಿರ್ಧಾರವೇ. ಇಂಥ ಪ್ರಶ್ನೆ ಕೇಳುವವರಿಗೆ ಪರಿಸರದ ಉಪದೇಶ ಮಾಡುವುದು ಈ ಚರ್ಚೆಯ ಒಂದು ಕೆಟ್ಟ ಅಭ್ಯಾಸ. ನಿಲುಗಡೆಯಲ್ಲಿ ನಿಂತು ಕಾಯುವ ಒಂದು ನಿಮಿಷ, ಒಳಗೆ ಕುಳಿತು ಸಾಗುವ ಎರಡು ನಿಮಿಷಗಳಷ್ಟು ದೀರ್ಘವಾಗಿ ಪ್ರಯಾಣಿಕರಿಗೆ ಅನ್ನಿಸುತ್ತದೆ ಎಂಬುದನ್ನು ಸಾರಿಗೆ ಯೋಜಕರೇ ಲೆಕ್ಕದಲ್ಲಿ ಸೇರಿಸಿಕೊಳ್ಳುತ್ತಾರೆ. ಆದ್ದರಿಂದ ರೈಲಿನ ಗರಿಷ್ಠ ವೇಗ ಎಷ್ಟೆಂದು ಹೇಳಿಕೊಳ್ಳುವುದರಲ್ಲಿ ಹೆಚ್ಚಿನ ಅರ್ಥವಿಲ್ಲ. ನಿಲುಗಡೆಗಳ ಸಮೇತ ಲಘು ರೈಲಿನ ಸರಾಸರಿ ವೇಗ ಸಾಮಾನ್ಯವಾಗಿ ಗಂಟೆಗೆ 20ರಿಂದ 30 ಕಿಲೋಮೀಟರ್. ನಿಲುಗಡೆಗಳನ್ನು ಹತ್ತಿರ ಹತ್ತಿರ ಇಟ್ಟರೆ ನಡಿಗೆ ಕಡಿಮೆಯಾಗಿ ಪ್ರಯಾಣ ನಿಧಾನವಾಗುತ್ತದೆ. ದೂರ ದೂರ ಇಟ್ಟರೆ ಪ್ರಯಾಣ ಬೇಗ ಮುಗಿದು ನಡಿಗೆ ಉದ್ದವಾಗುತ್ತದೆ. ಇದರಿಂದ ಪೂರ್ತಿ ಪಾರಾಗುವ ಉಪಾಯವಿಲ್ಲ.

ಆದರೆ ನಿಮ್ಮ ನಲವತ್ತು ನಿಮಿಷವೂ ನಿಮ್ಮ ಕಾರಿನ ಗುಣವಷ್ಟೇ ಅಲ್ಲ ಎಂಬುದನ್ನು ಗಮನಿಸಿ. ಅಮೆರಿಕದ ಅರ್ಥಶಾಸ್ತ್ರಜ್ಞ ಆಂಟನಿ ಡೌನ್ಸ್ 1962ರಲ್ಲಿಯೂ, ಬ್ರಿಟನ್ನಿನ ಜೆ. ಎಂ. ಥಾಮ್ಸನ್ 1977ರಲ್ಲಿಯೂ ಬೇರೆ ಬೇರೆ ದಾರಿಯಿಂದ ತಲುಪಿದ ತೀರ್ಮಾನವೊಂದಿದೆ. ಬಹಳಷ್ಟು ಜನರಿಗೆ ಎರಡೂ ಆಯ್ಕೆಗಳಿರುವ ನಗರದಲ್ಲಿ, ದಟ್ಟಣೆಯ ಹೊತ್ತಿನ ಕಾರಿನ ಪ್ರಯಾಣಕಾಲ ಸಾರ್ವಜನಿಕ ಸಾರಿಗೆಯ ಮನೆಬಾಗಿಲಿನಿಂದ ಕಚೇರಿ ಬಾಗಿಲಿನವರೆಗಿನ ಪ್ರಯಾಣಕಾಲದ ಸುತ್ತ ಬಂದು ನಿಲ್ಲುತ್ತದೆ. ಕಾರು ಬೇಗ ತಲುಪುವವರೆಗೆ ಜನ ಕಾರಿಗೆ ಬರುತ್ತಲೇ ಇರುತ್ತಾರೆ, ರಸ್ತೆ ತುಂಬುತ್ತಲೇ ಹೋಗುತ್ತದೆ. ಎರಡೂ ಸರಿಸಮವಾದಾಗ ಆ ವರ್ಗಾವಣೆ ನಿಲ್ಲುತ್ತದೆ. ಇದರ ಅರ್ಥವೇನೆಂದರೆ, ಎಂದೂ ರೈಲು ಹತ್ತದ ಕಾರು ಚಾಲಕರಿಗೂ ರೈಲು ವೇಗವಾಗಿರುವುದರಲ್ಲಿ ಸ್ವಂತ ಲಾಭವಿದೆ. ರೈಲಿನ ಹಣ ಕಡಿತಗೊಳಿಸಿ ರಸ್ತೆಗೆ ಸುರಿದಾಗ ರೈಲು ಹದಗೆಟ್ಟು, ಅದರ ಪ್ರಯಾಣಿಕರೂ ರಸ್ತೆಗಿಳಿದು, ಕೊನೆಗೆ ಎರಡೂ ನಿಧಾನವಾಗುವ ಸಾಧ್ಯತೆಯೂ ಈ ತರ್ಕದಲ್ಲಿಯೇ ಅಡಗಿದೆ.

ಪ್ರಶ್ನೆ: ಅಷ್ಟೆಲ್ಲ ಏಕೆ? ರಸ್ತೆಯನ್ನು ಅಗಲ ಮಾಡಿ, ಮೇಲ್ಸೇತುವೆ ಕಟ್ಟಿದರೆ ಸಮಸ್ಯೆ ಪರಿಹಾರವಾಗದೆ?

ಉತ್ತರ: ಕೆಲವು ವರ್ಷ ಪರಿಹಾರವಾದಂತೆ ಕಾಣುತ್ತದೆ. ಗಿಲ್ಸ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ನಗರಗಳಲ್ಲಿ ಹೆದ್ದಾರಿಯ ಪಥಗಳ ಉದ್ದ ಎಷ್ಟು ಪಾಲು ಹೆಚ್ಚಿತೋ ವಾಹನಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚಿತೆಂದು ತೋರಿಸಿದರು. ಹೊಸ ಜಾಗ ಸಿಕ್ಕಾಗ, ಮುಂಚೆ ಬೇಡವೆಂದು ಬಿಟ್ಟಿದ್ದ ಪ್ರಯಾಣಗಳು ಮತ್ತೆ ಶುರುವಾಗುತ್ತವೆ, ಜನ ಇನ್ನಷ್ಟು ದೂರದಲ್ಲಿ ಮನೆ ಮಾಡುತ್ತಾರೆ, ಸರಕು ಸಾಗಣೆಯೂ ಹೆಚ್ಚುತ್ತದೆ.

ರೈಲಿನ ಪಕ್ಷದವರು ಈ ಅಧ್ಯಯನವನ್ನು ಸಂತೋಷದಿಂದ ಉದ್ಧರಿಸುತ್ತಾರೆ. ಆದರೆ ಸಾರ್ವಜನಿಕ ಸಾರಿಗೆಯನ್ನು ವಿಸ್ತರಿಸಿದರೂ ರಸ್ತೆಯ ವಾಹನಗಳ ಒಟ್ಟು ಓಡಾಟ ಕಡಿಮೆಯಾದದ್ದು ಕಾಣಲಿಲ್ಲ ಎಂಬ ಅದೇ ಅಧ್ಯಯನದ ಇನ್ನೊಂದು ತೀರ್ಮಾನವನ್ನು ಬಿಟ್ಟುಬಿಡುತ್ತಾರೆ. ಕಾರಣ ಅದೇ. ರೈಲು ಹತ್ತಿದವರು ಬಿಟ್ಟುಹೋದ ಜಾಗವನ್ನು ಬೇರೆ ಕಾರುಗಳು ತುಂಬುತ್ತವೆ. ಆದ್ದರಿಂದ 'ಲಘು ರೈಲು ಬಂದರೆ ರಸ್ತೆಗಳು ಖಾಲಿಯಾಗುತ್ತವೆ' ಎಂಬ ಭರವಸೆಯನ್ನು ಯಾರೂ ಕೊಡಬಾರದು, ಕೊಟ್ಟರೆ ನಂಬಬಾರದು. ಅದು ಕೊಡುವುದು ದಟ್ಟಣೆಯಲ್ಲಿ ಸಿಲುಕದೆ ಹೋಗುವ ಒಂದು ಆಯ್ಕೆಯನ್ನು, ಮತ್ತು ಅದೇ ರಸ್ತೆಯ ಅಗಲದಲ್ಲಿ ಹೆಚ್ಚು ಜನರನ್ನು ಸಾಗಿಸುವ ಶಕ್ತಿಯನ್ನು. ದಟ್ಟಣೆಯನ್ನೇ ಇಳಿಸಬೇಕಾದರೆ ರಸ್ತೆಯ ಬಳಕೆಗೆ ದರ ವಿಧಿಸಬೇಕಾಗುತ್ತದೆ. ಸ್ಟಾಕ್‌ಹೋಮ್ 2006ರ ಮೊದಲಾರ್ಧದಲ್ಲಿ ಪ್ರಾಯೋಗಿಕವಾಗಿ ನಗರಕೇಂದ್ರದ ಪ್ರವೇಶಕ್ಕೆ ಶುಲ್ಕ ವಿಧಿಸಿದಾಗ ಆ ಗಡಿ ದಾಟುವ ವಾಹನಗಳು ಐದನೆಯ ಒಂದು ಪಾಲಿನಷ್ಟು ಕಡಿಮೆಯಾದವು. ಪ್ರಯೋಗಕ್ಕೆ ಮುಂಚೆ ವಿರೋಧಿಸುತ್ತಿದ್ದ ನಗರವಾಸಿಗಳೇ ಆಮೇಲಿನ ಜನಮತಗಣನೆಯಲ್ಲಿ ಬಹುಮತದಿಂದ ಒಪ್ಪಿ, 2007ರಲ್ಲಿ ಶುಲ್ಕ ಶಾಶ್ವತವಾಯಿತು. ಕಾರು ಬಿಟ್ಟವರಿಗೆ ಹತ್ತಲು ಅಲ್ಲಿ ಒಳ್ಳೆಯ ರೈಲು, ಬಸ್ಸುಗಳು ಮೊದಲೇ ಇದ್ದವು ಎಂಬುದನ್ನೂ ಮರೆಯಬಾರದು.

ಪ್ರಶ್ನೆ: ಕೆಲವು ನಗರಗಳಲ್ಲಿ ಲಘು ರೈಲು ಬಹುತೇಕ ಖಾಲಿಯಾಗಿ ಓಡುತ್ತದೆಯಂತೆ. ಅದು ಸಾರ್ವಜನಿಕ ಹಣದ ಪೋಲಲ್ಲವೆ?

ಉತ್ತರ: ಕೆಲವು ಕಡೆ ಹೌದು. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆ ನಗರದಲ್ಲಿ 1987ರಲ್ಲಿ ಶುರುವಾದ ಜಾಲ ಈಗ 60 ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದರೂ ಅದನ್ನು ಹತ್ತುವವರು ಆ ಉದ್ದಕ್ಕೆ ಹೋಲಿಸಿದರೆ ಬಹಳ ಕಡಿಮೆ. ಅಲ್ಲಿನ ಉದ್ಯೋಗಗಳು ವಿಶಾಲವಾದ ಕಾರು ನಿಲ್ದಾಣಗಳ ನಡುವೆ ಎಲ್ಲೆಲ್ಲೋ ಹರಡಿಕೊಂಡಿವೆ, ಕಾರನ್ನು ಬಿಟ್ಟಿಯಾಗಿ ನಿಲ್ಲಿಸಬಹುದು, ಪೇಟೆಯ ಬೀದಿಗಳಲ್ಲಿ ರೈಲು ಬಹಳ ನಿಧಾನ. ಕೆನಡದ ಕ್ಯಾಲ್ಗರಿಯೂ ಕಾರಿನ ಊರೇ, ತೈಲೋದ್ಯಮದ ಊರು ಬೇರೆ. ಆದರೂ 1981ರಲ್ಲಿ ಶುರುವಾದ ಅಲ್ಲಿನ ಲಘು ರೈಲು ಉತ್ತರ ಅಮೆರಿಕದಲ್ಲಿ ಅತಿ ಹೆಚ್ಚು ಜನ ಬಳಸುವ ಜಾಲಗಳ ಸಾಲಿಗೆ ಸೇರಿದೆ. ಕಚೇರಿಗಳು ಒಂದು ಕಿರಿದಾದ ನಗರಕೇಂದ್ರದಲ್ಲಿ ಒತ್ತೊತ್ತಾಗಿವೆ; ಆ ಕೇಂದ್ರದೊಳಕ್ಕೆ ಹೆದ್ದಾರಿಗಳನ್ನು ನುಗ್ಗಿಸಲು ನಗರ ಒಪ್ಪಲಿಲ್ಲ; ಪಾರ್ಕಿಂಗ್ ಜಾಗವನ್ನು ಬೇಕೆಂದೇ ಮಿತಿಗೊಳಿಸಿದ್ದರಿಂದ ಅದರ ಬಾಡಿಗೆ ದುಬಾರಿಯಾಯಿತು; ಕೇಂದ್ರದ ಏಳನೆಯ ಅವೆನ್ಯೂವನ್ನು ರೈಲಿಗೂ ಬಸ್ಸಿಗೂ ಬಿಟ್ಟುಕೊಟ್ಟಿತು. ಎರಡೂ ಊರುಗಳ ರೈಲುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ.

ಒಂದು ಕಾರನ್ನು ನಿಲ್ಲಿಸಲು, ಒಳಗೆ ತಿರುಗಿಸುವ ದಾರಿಯೂ ಸೇರಿದರೆ, 25ರಿಂದ 30 ಚದರ ಮೀಟರ್ ಜಾಗ ಬೇಕು. ಅದರ ಮಾಲೀಕರು ಕೆಲಸ ಮಾಡುವ ಮೇಜು ಕುರ್ಚಿಗೆ ಬೇಕಾದದ್ದಕ್ಕಿಂತ ಅದು ಹೆಚ್ಚು. ಆ ಜಾಗವನ್ನು ಬಿಟ್ಟಿ ಕೊಡುತ್ತಲೇ ಪಕ್ಕದಲ್ಲಿ ರೈಲನ್ನೂ ಓಡಿಸಿ, ಜನ ಏಕೆ ಹತ್ತುವುದಿಲ್ಲ ಎಂದು ಸಮಿತಿ ನೇಮಿಸುವ ನಗರಗಳಿವೆ.

ಪ್ರಶ್ನೆ: ಹಳಿಗೆ ಸುರಿಯುವ ಹಣದಲ್ಲಿ ನೂರಾರು ಬಸ್ಸುಗಳನ್ನು ಕೊಳ್ಳಬಹುದು. ಕಾರಿಗೆ ಪರ್ಯಾಯ ಬಸ್ಸೇ ಏಕಾಗಬಾರದು?

ಉತ್ತರ: ಆಗಬಹುದು, ಮತ್ತು ಬಹಳಷ್ಟು ಮಾರ್ಗಗಳಲ್ಲಿ ಅದೇ ಸರಿಯಾದ ಉತ್ತರ. ಬಸ್ಸಿಗೆ ಪ್ರತ್ಯೇಕ ಪಥ, ಸಿಗ್ನಲ್ಲಿನಲ್ಲಿ ಆದ್ಯತೆ, ಹತ್ತುವ ಮುಂಚೆಯೇ ಟಿಕೆಟ್ ಕೊಳ್ಳುವ ವ್ಯವಸ್ಥೆ ಇವಿಷ್ಟನ್ನು ಕೊಟ್ಟರೆ ರೈಲಿನ ಲಾಭದಲ್ಲಿ ದೊಡ್ಡ ಪಾಲು ಅಲ್ಪ ಖರ್ಚಿನಲ್ಲಿ ಸಿಗುತ್ತದೆ. ಬ್ರೆಜಿಲಿನ ಕುರಿಟಿಬಾ 1974ರಲ್ಲೇ ಬಸ್ಸಿನ ಪ್ರತ್ಯೇಕ ಪಥಗಳನ್ನು ತೆರೆಯಿತು. ಕೊಲಂಬಿಯದ ಬೊಗೊಟಾದಲ್ಲಿ 2000ನೆಯ ಇಸವಿಯಲ್ಲಿ ಶುರುವಾದ ಬಸ್ ಜಾಲ, ನಿಲ್ದಾಣಗಳಲ್ಲಿ ಒಂದನ್ನೊಂದು ದಾಟಿಹೋಗಲು ಜೋಡಿ ಪಥಗಳನ್ನಿಟ್ಟುಕೊಂಡು, ಯಾವ ಲಘು ರೈಲಿಗೂ ಸರಿಗಟ್ಟಲಾಗದಷ್ಟು ಜನರನ್ನು ಸಾಗಿಸಿ ತೋರಿಸಿದೆ. ಒಳಗಿನ ನೂಕುನುಗ್ಗಲಿನ ಬಗ್ಗೆ ಅಲ್ಲಿನವರ ದೂರುಗಳೂ ಅಷ್ಟೇ ಇವೆ.

ಹಳಿಯ ಪರವಾದ ವಾದ ಶುರುವಾಗುವುದು ಬಸ್ಸುಗಳೇ ಒಂದರ ಹಿಂದೊಂದು ಸಾಲುಗಟ್ಟತೊಡಗಿದಾಗ. ಕೆನಡದ ಒಟ್ಟಾವ 1983ರಿಂದ ಬಸ್ಸಿಗಾಗಿಯೇ ಕಟ್ಟಿದ ರಸ್ತೆಗಳಿಗೆ ಹೆಸರಾಗಿತ್ತು. ಕೊನೆಗೆ ನಗರಕೇಂದ್ರದ ಬೀದಿಗಳಲ್ಲಿ ಬಸ್ಸುಗಳಿಗೇ ಜಾಗ ಸಾಲದಾಗಿ, ಅದೇ ಮಾರ್ಗದಲ್ಲಿ 2019ರಲ್ಲಿ ಲಘು ರೈಲು ಬಂತು. ಒಬ್ಬ ಚಾಲಕರು ಹಲವು ಬಸ್ಸುಗಳಷ್ಟು ಜನರನ್ನು ಒಯ್ಯಬಲ್ಲರು ಎಂಬುದು ಸಂಬಳದ ಖರ್ಚು ಹೆಚ್ಚಿರುವ ಕಡೆ ದೊಡ್ಡ ಉಳಿತಾಯ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗಿನ ತಡೆ, ರಸ್ತೆಯ ಮೇಲೆ ರಬ್ಬರ್ ಟೈರು ಉರುಳುವಾಗಿನ ತಡೆಯ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಬೋಗಿಗಳ ಆಯುಷ್ಯ ಬಸ್ಸಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಇಷ್ಟಿದ್ದೂ ಒಟ್ಟಾವದ ಹೊಸ ರೈಲು 2021ರಲ್ಲಿ ಹಳಿ ತಪ್ಪಿ, ಸಾರ್ವಜನಿಕ ವಿಚಾರಣೆಯನ್ನು ಎದುರಿಸಬೇಕಾಯಿತು.

ಖರ್ಚು ಕೈಮೀರಿದ್ದಕ್ಕೆ ಹೆಸರಾದದ್ದು ಸ್ಕಾಟ್‌ಲೆಂಡಿನ ಎಡಿನ್‌ಬರೊ. 54.5 ಕೋಟಿ ಪೌಂಡಿನಲ್ಲಿ 2011ರ ಹೊತ್ತಿಗೆ ಮುಗಿಯಬೇಕಾಗಿದ್ದ ಯೋಜನೆ, ಮಾರ್ಗವನ್ನು ಮೊಟಕುಗೊಳಿಸಿದ ಮೇಲೂ 77.6 ಕೋಟಿ ಪೌಂಡ್ ನುಂಗಿ 2014ರ ಮೇ ತಿಂಗಳಲ್ಲಿ ಸಂಚಾರಕ್ಕೆ ತೆರೆಯಿತು. ಗುತ್ತಿಗೆದಾರರೊಂದಿಗಿನ ಜಗಳದ ಜತೆಗೆ, ರಸ್ತೆಯಡಿಯ ನೀರು, ಅನಿಲ, ಚರಂಡಿಯ ಕೊಳವೆಗಳನ್ನು ಸ್ಥಳಾಂತರಿಸುವ ಕೆಲಸ ಎಣಿಸಿದ್ದಕ್ಕಿಂತ ಎಷ್ಟೋ ದೊಡ್ಡದಾದದ್ದು ಮುಖ್ಯ ಕಾರಣ. ಬಿಟ್ಟುಹೋಗಿದ್ದ ಭಾಗವನ್ನು ನ್ಯೂಹೇವನ್‌ವರೆಗೆ 2023ರಲ್ಲಿ ಪೂರ್ಣಗೊಳಿಸಲಾಯಿತು. ಹಳಿ ಹಾಕುವ ಯಾವ ಯೋಜನೆಯಲ್ಲಿಯೂ, ನೆಲದಡಿಯಲ್ಲಿ ಏನೇನಿದೆ ಎಂಬ ಸಮೀಕ್ಷೆ ಮುಗಿಯುವ ಮುಂಚೆ ಹೇಳುವ ಮೊತ್ತವನ್ನು ಅಂದಾಜು ಎಂದಷ್ಟೇ ತಿಳಿಯಬೇಕು.

ಪ್ರಶ್ನೆ: ಅಂಗಡಿಯ ಮುಂದೆ ಕಾರು ನಿಲ್ಲಿಸಲು ಆಗದಿದ್ದರೆ ವ್ಯಾಪಾರ ನೆಲಕಚ್ಚುವುದಿಲ್ಲವೆ?

ಉತ್ತರ: ಕಾಮಗಾರಿ ನಡೆಯುವಷ್ಟು ಕಾಲ ವ್ಯಾಪಾರಕ್ಕೆ ಪೆಟ್ಟು ಬೀಳುವುದು ನಿಜ, ಸಣ್ಣ ಅಂಗಡಿಗಳಿಗೆ ಅದು ಪ್ರಾಣಾಂತಿಕವೂ ಆಗಬಹುದು, ಪರಿಹಾರವನ್ನು ಯೋಜನೆಯ ವೆಚ್ಚದಲ್ಲೇ ಸೇರಿಸದ ನಗರಸಭೆ ತನ್ನ ಖರ್ಚನ್ನು ವ್ಯಾಪಾರಿಗಳ ತಲೆಗೆ ಕಟ್ಟುತ್ತಿದೆ ಎಂದೇ ಅರ್ಥ. ಕಾಮಗಾರಿ ಮುಗಿದ ಮೇಲಿನ ಕಥೆ ಬೇರೆ. ಫ್ರಾನ್ಸಿನ ಸ್ಟ್ರಾಸ್‌ಬೂರ್ಗಿನಲ್ಲಿ 1989ರ ಚುನಾವಣೆಯೇ ಈ ವಿಷಯದ ಮೇಲೆ ನಡೆಯಿತು. ಬೀದಿಯ ಜಾಗವನ್ನು ಮುಟ್ಟದೆ ನೆಲದಡಿಯಲ್ಲಿ ಹೋಗುವ ಸ್ವಯಂಚಾಲಿತ ಮೆಟ್ರೊ ಬೇಕೆಂದು ವ್ಯಾಪಾರಿಗಳು ಪಟ್ಟುಹಿಡಿದಿದ್ದರು. ಟ್ರಾಮು ತರುವೆನೆಂದ ಕ್ಯಾಥರೀನ್ ಟ್ರೌಟ್‌ಮನ್ ಗೆದ್ದು ಮೇಯರ್ ಆದರು. ಊರಿನ ನಡುವಿನ ಕ್ಲೆಬರ್ ಚೌಕದ ಮೂಲಕ ಹಾದುಹೋಗುತ್ತಿದ್ದ ವಾಹನಗಳನ್ನು ನಿಲ್ಲಿಸಲಾಯಿತು, 1994ರಲ್ಲಿ ಟ್ರಾಮು ಓಡಿತು. ಅಲ್ಲಿಂದ ಮುಂದೆ ಜಾಲ ಬೆಳೆಯುತ್ತಲೇ ಹೋಯಿತು. ಇದಕ್ಕೂ ಮುಂಚೆ ನಾಂಟ್ ನಗರದಲ್ಲಿ ಟ್ರಾಮಿನ ಕೆಲಸ ಶುರುಮಾಡಿದ ಮೇಯರ್ ಅಲೈನ್ ಶೆನಾರ್ 1983ರಲ್ಲಿ ಸೋತಿದ್ದರು. ಕೆಲಸ ನಿಲ್ಲಿಸಲಾಗದಷ್ಟು ಮುಂದುವರಿದಿದ್ದರಿಂದ 1985ರಲ್ಲಿ ಅದನ್ನು ತೆರೆಯುವ ಭಾಗ್ಯ ಅವರ ಎದುರಾಳಿಗಳಿಗೆ ಬಂತು. ಲಾಭ ಬರುವುದು ಹಳಿ ಬಿದ್ದ ಮೇಲೆ, ಮತ ಕೇಳಬೇಕಾಗುವುದು ರಸ್ತೆ ಅಗೆದಿರುವಾಗ. ರಾಜಕಾರಣಿಗಳು ಹಿಂಜರಿಯುವುದರಲ್ಲಿ ಆಶ್ಚರ್ಯವೇನಿಲ್ಲ.

ಪ್ರಶ್ನೆ: ಅಮೆರಿಕದಲ್ಲಿ ಕಾರು ಕಂಪನಿಗಳೇ ಪಿತೂರಿ ಮಾಡಿ ಟ್ರಾಮುಗಳನ್ನು ಕೊಂದವು ಎಂಬುದು ನಿಜವೆ?

ಉತ್ತರ: ನ್ಯಾಷನಲ್ ಸಿಟಿ ಲೈನ್ಸ್ ಎಂಬ ಸಾರಿಗೆ ಸಂಸ್ಥೆಯೂ, ಅದಕ್ಕೆ ಹಣ ಹೂಡಿದ್ದ ಜನರಲ್ ಮೋಟರ್ಸ್ ಮೊದಲಾದ ಕಂಪನಿಗಳೂ ಬಸ್ಸು ಮತ್ತು ಅದರ ಸಾಮಗ್ರಿಗಳ ಮಾರಾಟದಲ್ಲಿ ಏಕಸ್ವಾಮ್ಯಕ್ಕಾಗಿ ಒಳಸಂಚು ನಡೆಸಿದ್ದು 1949ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾಯಿತು. ಆದರೆ ಅಂಥ ಸಂಚಿಲ್ಲದ ಲಂಡನ್ 1952ರಲ್ಲಿ, ಸಿಡ್ನಿ 1961ರಲ್ಲಿ ತಮ್ಮ ಟ್ರಾಮುಗಳನ್ನು ತಾವೇ ಕಿತ್ತುಹಾಕಿದವು. ಏರಿಸಲಾಗದ ಟಿಕೆಟ್ ದರ, ಸವೆದ ಹಳಿಗಳು, ಎದುರಿಗೆ ಅಡ್ಡ ನಿಲ್ಲುವ ಕಾರುಗಳು ಇವೆಲ್ಲ ಸೇರಿ ಹಳೆಯ ಟ್ರಾಮನ್ನು ಮೊದಲೇ ಸೊರಗಿಸಿದ್ದವು.

ಪ್ರಶ್ನೆ: ವಿದ್ಯುತ್ ಕಾರುಗಳು, ಚಾಲಕರಿಲ್ಲದ ಕಾರುಗಳು ಬಂದ ಮೇಲೆ ಈ ಚರ್ಚೆಗೆ ಅರ್ಥವೇ ಉಳಿಯುವುದಿಲ್ಲವಲ್ಲ?

ಉತ್ತರ: ಹೊಗೆಯ ಚರ್ಚೆ ತಗ್ಗುತ್ತದೆ, ಜಾಗದ ಚರ್ಚೆ ಹಾಗೆಯೇ ಉಳಿಯುತ್ತದೆ. ವಿದ್ಯುತ್ ಕಾರೂ ಅಷ್ಟೇ ಅಗಲ, ಅಷ್ಟೇ ಉದ್ದ. ಚಾಲಕರಿಲ್ಲದ ಕಾರು ಮಾಲೀಕರನ್ನು ಇಳಿಸಿ, ನಿಲ್ಲಿಸಲು ಜಾಗ ಹುಡುಕುತ್ತ ಖಾಲಿಯಾಗಿಯೇ ಸುತ್ತತೊಡಗಿದರೆ ಕಾರಿಗೊಬ್ಬರು ಎಂಬ ಈಗಿನ ಲೆಕ್ಕವೂ ಇನ್ನಷ್ಟು ಕೆಳಗಿಳಿಯುತ್ತದೆ.

ಪ್ರಶ್ನೆ: ವಯಸ್ಸಾದವರು, ಚಿಕ್ಕ ಮಕ್ಕಳ ತಾಯಂದಿರು, ರಾತ್ರಿ ಪಾಳಿಯವರು ರೈಲನ್ನೇ ನಂಬಿರಲು ಸಾಧ್ಯವೆ?

ಉತ್ತರ: ರಾತ್ರಿ ಪಾಳಿಯವರಿಗೆ ಹೆಚ್ಚಿನ ಕಡೆ ಸಾಧ್ಯವಿಲ್ಲ, ಅವರ ಹೊತ್ತಿಗೆ ರಸ್ತೆಯೂ ಖಾಲಿ ಇರುವುದರಿಂದ ಕಾರೇ ಸೂಕ್ತ. ಉಳಿದವರ ವಿಷಯದಲ್ಲಿ, 1987ರಲ್ಲಿ ಗ್ರೆನೋಬಲ್ ನಗರ ಕೆಳಮಟ್ಟದ ನೆಲಹಾಸಿನ ಬೋಗಿಗಳನ್ನು ಓಡಿಸಿದಂದಿನಿಂದ ಗಾಲಿಕುರ್ಚಿಯನ್ನೂ ಮಕ್ಕಳ ತಳ್ಳುಗಾಡಿಯನ್ನೂ ಮೆಟ್ಟಿಲಿಲ್ಲದೆ ನೇರವಾಗಿ ಒಳಗೆ ಒಯ್ಯುವುದು ಸಾಧ್ಯವಾಗಿದೆ. ಕಾರು ಓಡಿಸಲಾಗದ ವಯಸ್ಸಿನವರಿಗೆ ಕಾರೇ ಅನುಕೂಲ ಎಂಬ ವಾದ, ಓಡಿಸಿಕೊಂಡು ಹೋಗಲು ಮನೆಯಲ್ಲಿ ಇನ್ನೊಬ್ಬರು ಸದಾ ಬಿಡುವಾಗಿರುತ್ತಾರೆ ಎಂಬ ಎಣಿಕೆಯ ಮೇಲೆ ನಿಂತಿದೆ.

ಪ್ರಶ್ನೆ: ರೈಲಿನ ಪ್ರಯಾಣವನ್ನು ಉಚಿತ ಮಾಡಿದರೆ ಎಲ್ಲರೂ ಕಾರು ಬಿಡುವುದಿಲ್ಲವೆ?

ಉತ್ತರ: ಎಸ್ಟೋನಿಯದ ಟ್ಯಾಲಿನ್ ನಗರ 2013ರಲ್ಲಿ ತನ್ನ ನಿವಾಸಿಗಳಿಗೆ ಟ್ರಾಮು, ಬಸ್ಸುಗಳನ್ನು ಉಚಿತ ಮಾಡಿತು. ಪ್ರಯಾಣಿಕರು ಹೆಚ್ಚಿದರು, ಆದರೆ ಅವರಲ್ಲಿ ಬಹಳಷ್ಟು ಮಂದಿ ಹಿಂದೆ ನಡೆದು ಹೋಗುತ್ತಿದ್ದವರು, ಕಾರು ಬಿಟ್ಟು ಬಂದವರು ಕಡಿಮೆ. ಲಕ್ಸೆಂಬರ್ಗ್ 2020ರಲ್ಲಿ ಇಡೀ ದೇಶದಲ್ಲಿ ಹಾಗೆಯೇ ಮಾಡಿದೆ, ಅಲ್ಲಿ ಕಾರುಗಳು ಈಗಲೂ ಧಾರಾಳವಾಗಿವೆ. ಕಾರಿನವರನ್ನು ತಡೆಯುತ್ತಿರುವುದು ಟಿಕೆಟ್ಟಿನ ಬೆಲೆಯಲ್ಲ, ಹದಿನೈದು ನಿಮಿಷದ ಕಾಯುವಿಕೆ. ಕೈಯಲ್ಲಿ ಹಣವಿದ್ದರೆ ಅದನ್ನು ಟಿಕೆಟ್ ದರ ಇಳಿಸಲು ಬಳಸುವುದಕ್ಕಿಂತ ಎರಡು ರೈಲುಗಳ ನಡುವಿನ ಅಂತರವನ್ನು ಇಳಿಸಲು ಬಳಸುವುದು ಮೇಲು. ಬಡ ಪ್ರಯಾಣಿಕರಿಗೆ ರಿಯಾಯಿತಿ ಪಾಸು ಕೊಡುವುದು ಬೇರೆ ವಿಷಯ, ಅದನ್ನು ಕೊಡಲೇಬೇಕು.